ಆ ತಕ್ಕಡಿಯಲ್ಲಿ ಕನ್ನಡವನ್ನು ತೂಗಿದವರು ಯಾರು?

ಶನಿವಾರ ಮಧ್ಯಾಹ್ನದಿಂದ ತಲೆ ಕಾದಿದೆ. ಬರೆದು ಮುಗಿಸದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಅಕ್ಕನ ಅಂಗಡಿ ನಿಮ್ಮಲ್ಲಿ ಹಲವರಿಗೆ ಗೊತ್ತು. ತಾಲ್ಲೂಕು ಕಚೇರಿಯ ಎದುರು, ಜೆರಾಕ್ಸ್ ಮತ್ತು ಟೈಪಿಂಗ್. ಅಲ್ಲಿರುವ ಕಂಪ್ಯೂಟರಿಗೆ 8 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಳೆ ಬಂದರೆ ಇಂಟರ್ನೆಟ್ ಹೋಗುತ್ತದೆ. ನೆಟ್ ಇಲ್ಲದೆಯೂ ಅರ್ಜಿಗಳ ಕರಡು ಬರೆದುಕೊಡುವ ಒಂದು ಎಐ ಮಾಡೆಲ್ ಅವಳ ಕಂಪ್ಯೂಟರಿನಲ್ಲೇ ಇರಲಿ ಎಂದು ನಾನೇ ಹಟ ಹಿಡಿದು ಹಾಕಿಕೊಟ್ಟೆ. 800 ಕೋಟಿ ಪ್ಯಾರಾಮೀಟರ್‌ಗಳ, ಅಂದರೆ ಅಷ್ಟು ಸಂಖ್ಯೆಗಳ ಮಾಡೆಲ್. ಒಂದೊಂದು ಸಂಖ್ಯೆಯನ್ನೂ 16 ಬಿಟ್‌ನಲ್ಲಿ ಇಟ್ಟರೆ 16 ಜಿಬಿ ಬೇಕು, ಅದು ಆಗದ ಮಾತು. 4 ಬಿಟ್‌ಗೆ ಇಳಿಸಿದರೆ ಸುಮಾರು 5 ಜಿಬಿ. ವಿಂಡೋಸ್, ಬ್ರೌಸರ್, ಸ್ಕ್ಯಾನರಿನ ತಂತ್ರಾಂಶ ಎಲ್ಲವೂ ತಿಂದು ಉಳಿಯುವ ಜಾಗದಲ್ಲಿ ಅದೂ ಕಷ್ಟ. ಹಾಗಾಗಿ 4 ಜಿಬಿಯ 3 ಬಿಟ್ ಕಡತವನ್ನು ಡೌನ್‌ಲೋಡ್ ಮಾಡಿಕೊಂಡೆ. ಅದರ ವಿವರಣೆಯಲ್ಲಿ ‘ಗುಣಮಟ್ಟದಲ್ಲಿ ಕಣ್ಣಿಗೆ ಕಾಣುವಂಥ ನಷ್ಟವಿಲ್ಲ’ ಎಂಬ ಅರ್ಥದ ಮಾತಿತ್ತು.

ಶನಿವಾರ ಒಬ್ಬ ಹೆಂಗಸು ಬಂದಿದ್ದರು. ತಂದೆ ತೀರಿಕೊಂಡಿದ್ದಾರೆ, ಪೌತಿ ಖಾತೆ ಆಗಬೇಕು. ಅಕ್ಕ ವಿವರಗಳನ್ನು ಹಾಕಿ ಅರ್ಜಿ ಕೇಳಿದಳು. ಬಂದ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ‘ನನ್ನ ತಂದೆಯವರು ನಿಧನಳಾಗಿದ್ದು’ ಎಂದು ಶುರುವಾಗುತ್ತದೆ. ಎರಡನೆಯ ಸಾಲಿನಲ್ಲಿ ಪೌತಿ ಖಾತೆ ‘ಪ್ರೌತಿ ಖಾತೆ’ ಆಗಿದೆ. ಕೊಟ್ಟಿದ್ದ ಸರ್ವೆ ನಂಬರ್ 47/2, ಹಾಳೆಯಲ್ಲಿರುವುದು 47/12. ಅದೇ ಮಾಡೆಲ್, ಅದೇ ಕಡತ, ಅದೇ ವಿವರ. ಇಂಗ್ಲಿಷಿನಲ್ಲಿ ಕೇಳಿದರೆ ಒಂದು ಅಲ್ಪವಿರಾಮವೂ ಆಚೀಚೆ ಆಗಲಿಲ್ಲ. ಸರ್ವೆ ನಂಬರ್ ಕೂಡ ಸರಿಯಾಗಿತ್ತು. ಅಕ್ಕ ಹಾಳೆಯನ್ನು ನನ್ನ ಕೈಗೆ ಕೊಟ್ಟು, ‘ತಮ್ಮಾ, ಇದು ತಹಶೀಲ್ದಾರರ ಮೇಜಿಗೆ ಹೋಗಿದ್ದರೆ ಆ ಹೆಂಗಸಿನ ಗತಿ ಏನು?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಷ್ಟವಿಲ್ಲ ಎಂದರಲ್ಲ, ಯಾವ ಭಾಷೆಯಲ್ಲಿ ಅಳೆದಿರಿ? ನನಗೆ ಬೇಕಾದದ್ದು ಈ ಒಂದು ಪ್ರಶ್ನೆಗೆ ಉತ್ತರ.

ಈ ಬಿಟ್ ಇಳಿಸುವ ಕೆಲಸ, ಅಂದರೆ ಕ್ವಾಂಟೈಸೇಶನ್, ಏನೆಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮಾಡೆಲ್ ಎಂದರೆ ಸಂಖ್ಯೆಗಳ ರಾಶಿ. 16 ಬಿಟ್‌ನಲ್ಲಿ ಒಂದೊಂದು ಸಂಖ್ಯೆಗೂ 65,536 ಬಗೆಯ ರೂಪಗಳಿಗೆ ಅವಕಾಶವಿದೆ. 4 ಬಿಟ್ ಎಂದರೆ 16 ಮಾತ್ರ. 3 ಬಿಟ್ ಎಂದರೆ ಎಂಟು. ತಕ್ಕಡಿ ಅದೇ, ತೂಕದ ಕಲ್ಲು ಮಾತ್ರ ಎಂಟೇ ಎಂದುಕೊಳ್ಳಿ. ನಡುವಿನ ತೂಕವೆಲ್ಲ ಹತ್ತಿರದ ಕಲ್ಲಿಗೆ ಹೊಂದಿಕೊಳ್ಳಬೇಕು. ಜಾರ್ಜಿ ಗೆರ್ಗಾನೊವ್ 2023ರ ಮಾರ್ಚ್‌ನಲ್ಲಿ ಹೊರತಂದ ಲಾಮಾ ಸಿಪಿಪಿ ಎಂಬ ತಂತ್ರಾಂಶದಿಂದಲೇ ನಮ್ಮಂಥವರ ಲ್ಯಾಪ್‌ಟಾಪ್‌ಗಳಲ್ಲಿ ಇವೆಲ್ಲ ಓಡತೊಡಗಿದ್ದು. ಅದರ ಸರಳವಾದ 4 ಬಿಟ್ ವಿಧಾನದಲ್ಲಿ 32 ಸಂಖ್ಯೆಗಳಿಗೆ ಸೇರಿ ಒಂದು ಅಳತೆಗೋಲು. ಆ 32ರಲ್ಲಿ ಒಂದೇ ಒಂದು ಸಂಖ್ಯೆ ತೀರ ದೊಡ್ಡದಾಗಿದ್ದರೆ ಅಳತೆಗೋಲು ಅದಕ್ಕೆ ತಕ್ಕಂತೆ ಹಿಗ್ಗುತ್ತದೆ, ಉಳಿದ ಸಣ್ಣವೆಲ್ಲ ಸೊನ್ನೆಯ ಆಸುಪಾಸಿನಲ್ಲಿ ಒಂದಾಗಿಬಿಡುತ್ತವೆ. ಹಾಗೆ ಅಳಿದುಹೋದದ್ದರಲ್ಲಿ ಏನೇನಿತ್ತು ಎಂದು ಆ ಮೇಲೆ ಓಡಿಸಿ ನೋಡಿದರೇ ತಿಳಿಯುವುದು.

ಯಾವ ಸಂಖ್ಯೆಯನ್ನು ಜೋಪಾನ ಮಾಡಬೇಕು, ಯಾವುದನ್ನು ಒರಟಾಗಿ ಇಳಿಸಿದರೂ ನಡೆಯುತ್ತದೆ ಎಂದು ನಿರ್ಧರಿಸುವುದಕ್ಕೂ ಒಂದು ದಾರಿಯಿದೆ. ಮಾಡೆಲ್‌ಗೆ ಒಂದಿಷ್ಟು ಪಠ್ಯ ಓದಿಸಿ, ಯಾವ ಭಾಗಗಳು ಹೆಚ್ಚು ಕೆಲಸ ಮಾಡುತ್ತವೆ ಎಂದು ಲೆಕ್ಕ ಇಡುತ್ತಾರೆ. 2024ರ ಆರಂಭದಲ್ಲಿ ಲಾಮಾ ಸಿಪಿಪಿಗೆ ಬಂದ ಈ ಲೆಕ್ಕಕ್ಕೆ ಇಂಪಾರ್ಟೆನ್ಸ್ ಮ್ಯಾಟ್ರಿಕ್ಸ್ ಎಂದು ಹೆಸರು. ಬಿಟ್ ಇಳಿಸುವ ಇನ್ನೊಂದು ವಿಧಾನವಾದ 2022ರ ಜಿಪಿಟಿಕ್ಯೂಗೂ ಇಂಥದೇ ಮಾದರಿ ಪಠ್ಯ ಬೇಕು. ಒಳ್ಳೆಯ ಯೋಚನೆ, ನಾನು ತಲೆಬಾಗುತ್ತೇನೆ. ಆದರೆ ಓದಿಸುವ ಪಠ್ಯ ಬಹುಪಾಲು ಇಂಗ್ಲಿಷ್. ಇಳಿಸಿದ ಮೇಲೆ ಪರೀಕ್ಷೆ ಮಾಡುವ ವಿಕಿಟೆಕ್ಸ್ಟ್ ಕೂಡ ಇಂಗ್ಲಿಷ್ ವಿಕಿಪೀಡಿಯದ ಆಯ್ದ ಲೇಖನಗಳದ್ದು. ಜೋಪಾನ ಮಾಡಿದ್ದೂ ಇಂಗ್ಲಿಷನ್ನು, ಪರೀಕ್ಷೆಗೆ ಕೂರಿಸಿದ್ದೂ ಇಂಗ್ಲಿಷನ್ನು. ಕೊನೆಗೆ ನಷ್ಟವಿಲ್ಲ ಎಂಬ ಫಲಿತಾಂಶವನ್ನು ಮಾತ್ರ ಎಲ್ಲ ಭಾಷೆಗಳಿಗೂ ಹಂಚುತ್ತಾರೆ. ಇದು ನನಗೆ ಸಹಿಸಲು ಆಗದ ವಿಷಯ.

ನನ್ನೊಬ್ಬನ ಸಿಟ್ಟು ಎಂದುಕೊಳ್ಳಬೇಡಿ. 2024ರಲ್ಲಿ ಕೊಹಿಯರ್ ಎಂಬ ಎಐ ಸಂಸ್ಥೆಯ ಸಂಶೋಧಕರು ಹಲವು ಭಾಷೆಗಳಲ್ಲಿ ಇದನ್ನೇ ಪರೀಕ್ಷಿಸಿ ಬರೆದರು. ಲ್ಯಾಟಿನ್ ಅಲ್ಲದ ಲಿಪಿಯ ಭಾಷೆಗಳಿಗೆ ಪೆಟ್ಟು ಹೆಚ್ಚು ಎಂದು ಕಂಡುಕೊಂಡರು. ಜಪಾನಿ ಭಾಷೆಯಲ್ಲಿ ಯಂತ್ರ ಅಳೆದಾಗ ಕುಸಿತ ಸರಾಸರಿ ಶೇ 1.7; ಜನ ಓದಿ ಅಂಕ ಕೊಟ್ಟಾಗ ಶೇ 16. ಯಂತ್ರದ ಅಳತೆಗೋಲಿಗೆ ಸಿಗದೆ ಮನುಷ್ಯರ ಕಣ್ಣಿಗೆ ಬಿದ್ದದ್ದು ಅಷ್ಟು. ಅಕ್ಕನ ಕಣ್ಣಿಗೆ ‘ನಿಧನಳಾಗಿದ್ದು’ ಬಿದ್ದದ್ದೂ ಹಾಗೆಯೇ.

ಕೆಲವು ಗೆಳೆಯರು ಆಗಲೇ ಫೋನ್ ಮಾಡಿ ಹೇಳಿದ್ದಾರೆ: ಮಾಡೆಲ್‌ಗೆ ಮೊದಲೇ ಕನ್ನಡ ಸರಿಯಾಗಿ ಬರುವುದಿಲ್ಲ, ಕ್ವಾಂಟೈಸೇಶನ್ ಮೇಲೆ ಯಾಕೆ ತಪ್ಪು ಹೊರಿಸುತ್ತೀಯ? ಭಾನುವಾರ ಇಡೀ ದಿನ ಅದನ್ನೇ ಪರೀಕ್ಷಿಸಿದೆ. ನನ್ನ ಮನೆಯ ಕಂಪ್ಯೂಟರಿನಲ್ಲಿ ಅದೇ ಮಾಡೆಲಿನ 8 ಬಿಟ್ ಕಡತಕ್ಕೆ ಅದೇ ವಿವರಗಳನ್ನು ಕೊಟ್ಟೆ. ‘ನಿಧನರಾಗಿದ್ದು’ ಎಂದೇ ಬರೆಯಿತು. ಪೌತಿ ಪೌತಿಯಾಗಿಯೇ ಇತ್ತು, 47/2 ಅಲುಗಲಿಲ್ಲ. ಅದಕ್ಕೆ ಕನ್ನಡ ಬರುತ್ತಿತ್ತು. ನಾವು ಕಿತ್ತುಕೊಂಡೆವು.

ಇನ್ನೊಬ್ಬರು, ಕ್ಲೌಡ್‌ನಲ್ಲಿರುವ ದೊಡ್ಡ ಮಾಡೆಲ್ ಬಳಸಿದರೆ ಈ ರಗಳೆಯೇ ಇಲ್ಲವಲ್ಲ ಎಂದರು. ನೆಟ್ ಇಲ್ಲದ ದಿನ ಜನ ಸಾಲು ನಿಂತಿರುವಾಗ ಅಕ್ಕ ಏನು ಮಾಡಬೇಕು? ಜನರ ಆಧಾರ್ ಸಂಖ್ಯೆ, ಪಹಣಿ, ವಂಶವೃಕ್ಷ ಎಲ್ಲವನ್ನೂ ಯಾವುದೋ ಸರ್ವರಿಗೆ ಕಳಿಸುವ ಹಕ್ಕು ಅವಳಿಗೆ ಕೊಟ್ಟವರು ಯಾರು? ಈ ವಾದವನ್ನು ನಾನು ಇಲ್ಲಿಗೇ ಬಿಡುತ್ತೇನೆ.

ಕನ್ನಡಕ್ಕೆ ಇನ್ನೊಂದು ಪೆಟ್ಟೂ ಇದೆ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ‘ಕ್ಷೇತ್ರ’ ಎಂಬ ಪುಟ್ಟ ಪದಕ್ಕೆ ಏಳು ಚಿಹ್ನೆ, 21 ಬೈಟ್. ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಕತ್ತರಿಸುವ ಟೋಕನೈಸರಿಗೆ ನಮ್ಮ ಅಕ್ಷರಗಳ ಪರಿಚಯ ಕಡಿಮೆಯಿದ್ದರೆ ಪದವನ್ನು ಚೂರುಚೂರು ಮಾಡಿ ಬೈಟ್‌ಗಳಾಗಿ ಬರೆಯುತ್ತದೆ. ಅದರಲ್ಲಿ ಒಂದು ಬೈಟ್ ತಪ್ಪಿದರೂ ಅಕ್ಷರದ ಜಾಗದಲ್ಲಿ ಕಪ್ಪು ವಜ್ರಾಕೃತಿಯೊಳಗೆ ಪ್ರಶ್ನೆ ಚಿಹ್ನೆ ಬಂದು ಕೂರುತ್ತದೆ. ವೇಗಕ್ಕೂ ಇದೇ ಗತಿ. ಒಂದು ಟೋಕನ್ ಹೊರಬರಬೇಕಾದರೆ ಇಡೀ ಮಾಡೆಲನ್ನು ಒಮ್ಮೆ ರ‍್ಯಾಮ್‌ನಿಂದ ಓದಬೇಕು. ಅಕ್ಕನ ಕಂಪ್ಯೂಟರಿನಲ್ಲಿರುವುದು ಡಿಡಿಆರ್4-2666 ಬಗೆಯ ರ‍್ಯಾಮ್‌ನ ಒಂದೇ ಸ್ಟಿಕ್. ಅದು ಸೆಕೆಂಡಿಗೆ ಹೆಚ್ಚೆಂದರೆ 21 ಜಿಬಿ ಸಾಗಿಸುತ್ತದೆ. 4 ಜಿಬಿ ಮಾಡೆಲ್ ಆದರೆ ಸೆಕೆಂಡಿಗೆ ಐದು ಟೋಕನ್ ದಾಟುವುದಿಲ್ಲ. ಇಂಗ್ಲಿಷಿಗೆ ಅಷ್ಟು ಸಾಕು. ಪದಕ್ಕೆ ನಾಲ್ಕೈದು ಟೋಕನ್ ಖರ್ಚಾಗುವ ಕನ್ನಡದಲ್ಲಿ ಒಂದು ಅರ್ಜಿ ಮುಗಿಯುವಷ್ಟರಲ್ಲಿ ಚಹಾ ಆರಿಹೋಗಿರುತ್ತದೆ.

ಈಗ ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಇದೇ ಗೋಡೆಯ ಮೇಲೆ ‘ಬಿಟ್ ಇಳಿಸಿದರೂ ಏನೂ ಆಗುವುದಿಲ್ಲ, ಧೈರ್ಯವಾಗಿ ಹಾಕಿಕೊಳ್ಳಿ’ ಎಂದು ಉದ್ದುದ್ದ ಬರೆದವನು ನಾನು. ನೋಡಿದ್ದು ಇಂಗ್ಲಿಷಿನ ಕೋಷ್ಟಕಗಳನ್ನು ಮಾತ್ರ. ನನ್ನ ಮಾತು ನಂಬಿ ನಿಮ್ಮಲ್ಲೊಬ್ಬ ಮೇಷ್ಟ್ರು 2 ಬಿಟ್ ಕಡತ ಹಾಕಿಕೊಂಡು, ‘ಇದು ಕನ್ನಡ ಬರೆಯುತ್ತಿಲ್ಲವಲ್ಲ’ ಎಂದು ಕೇಳಿದ್ದರು. ಮಾಡೆಲ್‌ಗೇ ಕನ್ನಡ ಬರುವುದಿಲ್ಲ ಬಿಡಿ ಸರ್ ಎಂದು ಉತ್ತರಿಸಿದ್ದೆ. ಪರೀಕ್ಷಿಸಿ ನೋಡದೆ ಹೇಳಿದ ಮಾತು ಅದು. ಸರ್, ನೀವು ಇದನ್ನು ಓದುತ್ತಿದ್ದರೆ ನನ್ನನ್ನು ಕ್ಷಮಿಸಿ.

ಭಾನುವಾರ ರಾತ್ರಿ ಇನ್ನೊಂದು ಕೆಲಸ ಮಾಡಿದೆವು. ಅಕ್ಕನ ಬಳಿ ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪಾದ ವರ್ಷಗಳ ಅರ್ಜಿಗಳಿವೆ. ಹೆಸರು, ಊರು, ಸಂಖ್ಯೆಗಳನ್ನೆಲ್ಲ ಅವಳೇ ಕೂತು ಅಳಿಸಿದಳು. ನಾನು ಯುನಿಕೋಡ್‌ಗೆ ಬದಲಾಯಿಸಿದೆ. ಇಪ್ಪತ್ತು ಅರ್ಜಿಗಳನ್ನು ಪರೀಕ್ಷೆಗೆಂದು ಮುಟ್ಟದೆ ಬೇರೆ ಇಟ್ಟು, ಉಳಿದವನ್ನು ಮಾಡೆಲ್‌ಗೆ ಓದಿಸಿ ಹೊಸದಾಗಿ ಇಂಪಾರ್ಟೆನ್ಸ್ ಮ್ಯಾಟ್ರಿಕ್ಸ್ ಮಾಡಿ, 3 ಬಿಟ್‌ಗೆ ನಾನೇ ಇಳಿಸಿದೆ. ಬೆಳಗ್ಗೆ ಅಕ್ಕ ಕೆಂಪು ಪೆನ್ನು ಹಿಡಿದು ಕೂತಳು. ಗೆರೆಗಳು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ. ಲಿಂಗ ವಚನ ಬಹುತೇಕ ಸರಿಹೋಯಿತು. ಅಂಕಿಗಳು ಈಗಲೂ ಒಮ್ಮೊಮ್ಮೆ ಜಾರುತ್ತವೆ. 4 ಬಿಟ್ ಕಡತ ಇದಕ್ಕಿಂತಲೂ ಚೆನ್ನಾಗಿ ಬರೆಯುತ್ತದೆ, ಅದು ಓಡಲು ಇನ್ನೊಂದು 8 ಜಿಬಿ ಸ್ಟಿಕ್ ಬೇಕು. ಎರಡೂ ಸ್ಲಾಟ್ ತುಂಬಿದರೆ ವೇಗದ ಮಿತಿಯೂ ದುಪ್ಪಟ್ಟಾಗುತ್ತದೆ. ಸ್ಟಿಕ್ ತರಿಸಲು ಹೇಳಿದ್ದೇನೆ.

ಕಡತಗಳ ಬಿಟ್ ಇಳಿಸಿ ಜಗತ್ತಿಗೆಲ್ಲ ಹಂಚುವವರಲ್ಲಿ ನನ್ನ ಕೋರಿಕೆ ಇಷ್ಟೆ. ಯಾವ ಭಾಷೆಯ ಪಠ್ಯ ಓದಿಸಿದಿರಿ, ಯಾವ ಭಾಷೆಯಲ್ಲಿ ಪರೀಕ್ಷಿಸಿದಿರಿ ಎಂದು ಕೆಳಗೆ ಒಂದು ಸಾಲು ಬರೆಯಿರಿ. ಕನ್ನಡದಲ್ಲಿ ಪರೀಕ್ಷಿಸಿಲ್ಲ ಎಂದಿದ್ದರೆ ಸಾಕಿತ್ತು, ನಾನು ಆ ಕಡತವನ್ನು ಅಕ್ಕನ ಅಂಗಡಿಗೆ ತರುತ್ತಿರಲಿಲ್ಲ.

ಆ ಹೆಂಗಸಿನ ಅರ್ಜಿಯನ್ನು ಅಕ್ಕ ಶನಿವಾರವೇ ತಾನೇ ಟೈಪ್ ಮಾಡಿ ಕೊಟ್ಟಳು. ಸರ್ವೆ ನಂಬರನ್ನು ಎರಡು ಸಲ ಓದಿ ಹೇಳಿ, ಅವರು ಹೌದು ಎಂದ ಮೇಲೆಯೇ ಪ್ರಿಂಟ್ ತೆಗೆದಳು.