ಜಗಳವಾಡಿದವರನ್ನು ಜಗಳದೊಡನೆಯೇ ಓದೋಣ

ಅಮೆರಿಕದ ಕಪ್ಪು ಜನರ ಚಿಂತನೆ ಎಂದಾಗ ನಮ್ಮ ಕನ್ನಡದ ವೇದಿಕೆಗಳಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರು ಬರುತ್ತದೆ, ಹೆಚ್ಚೆಂದರೆ ಮಾಲ್ಕಂ ಎಕ್ಸ್. ನ್ಯೂಯಾರ್ಕಿನಲ್ಲಿ ನೆಲೆಸಿ, ಹಾರ್ಲೆಮ್‌ನ ಕಪ್ಪು ಜನರ ಇತಿಹಾಸದ ಗ್ರಂಥಾಲಯವಾದ ಶಾಂಬರ್ಗ್ ಕೇಂದ್ರದ ಪುಸ್ತಕಗಳನ್ನು ಓದುತ್ತ ಬಂದ ಮೇಲೆ ಇದು ನನಗೆ ತೀರಾ ಸಾಲದೆನಿಸಿದೆ.

ಕಪ್ಪು ಶಿಕ್ಷಣತಜ್ಞ ಬೂಕರ್ ಟಿ. ವಾಷಿಂಗ್ಟನ್ 1895ರಲ್ಲಿ ಅಟ್ಲಾಂಟಾದಲ್ಲಿ, ಮೊದಲು ಕಸುಬು ಕಲಿಯೋಣ, ಆಸ್ತಿ ಮಾಡೋಣ, ರಾಜಕೀಯ ಹಕ್ಕಿಗೆ ಅವಸರ ಬೇಡ ಎಂದರು. ಮತದಾನ ಮತ್ತು ಉನ್ನತ ಶಿಕ್ಷಣ ಬಿಟ್ಟುಕೊಟ್ಟರೆ ಉಳಿಯುವುದೇನು ಎಂದು ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರಲ್ಲಿ ನೇರವಾಗಿ ಕೇಳಿದರು. ಅದೇ ಡುಬಾಯ್ಸ್ 1934ರ ಹೊತ್ತಿಗೆ, ಕಪ್ಪು ಜನ ತಮ್ಮದೇ ಸಹಕಾರಿ ಆರ್ಥಿಕತೆ ಕಟ್ಟಿಕೊಳ್ಳಬೇಕೆಂದು ವಾದಿಸಿ, ಕಪ್ಪು ಜನರ ಹಕ್ಕುಗಳಿಗಾಗಿ ತಾವೇ ಸೇರಿ ಸ್ಥಾಪಿಸಿದ್ದ ಸಂಘಟನೆ ಎನ್‌ಎಎಸಿಪಿಯಿಂದ ಹೊರನಡೆದರು. ಶಾಲೆಗಳ ವರ್ಣಭೇದವನ್ನು ಸುಪ್ರೀಂ ಕೋರ್ಟ್ 1954ರಲ್ಲಿ ತಳ್ಳಿಹಾಕಿದಾಗ ಕಪ್ಪು ಲೇಖಕಿ ಝೋರಾ ನೀಲ್ ಹರ್ಸ್ಟನ್ ಆ ತೀರ್ಪನ್ನೇ ಒಪ್ಪಲಿಲ್ಲ. ಅದು ತಮ್ಮ ಜನಾಂಗಕ್ಕಾದ ಅವಮಾನವೆಂದು ಮರುವರ್ಷ ಪತ್ರಿಕೆಗೆ ಬರೆದರು. ಆಕೆಯ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೂ ಅದನ್ನು ಬದಿಗಿಟ್ಟು ಆ ಕಾಲ ಅರ್ಥವಾಗದು.

ಹೆಂಗಸರ ಮಾತಂತೂ ಇನ್ನೂ ಹಿಂದೆ ಸರಿದಿದೆ. ಮೆಂಫಿಸ್‌ನಲ್ಲಿ ಕಪ್ಪು ಜನರ ಗುಂಪು ಹತ್ಯೆಗಳ ಹಿಂದಿನ ಸುಳ್ಳು ಬಯಲಿಗೆಳೆದದ್ದಕ್ಕೆ 1892ರಲ್ಲಿ ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರ ಪತ್ರಿಕಾ ಕಚೇರಿಯನ್ನೇ ಧ್ವಂಸ ಮಾಡಲಾಯಿತು. ಚಳವಳಿಗಾರ್ತಿ ಎಲಾ ಬೇಕರ್ 1960ರಲ್ಲಿ ವಿದ್ಯಾರ್ಥಿಗಳಿಗೆ, ಕಿಂಗ್ ಅವರ ಸಂಘಟನೆಯ ಅಂಗವಾಗದೆ ನಿಮ್ಮದನ್ನು ನೀವೇ ಕಟ್ಟಿಕೊಳ್ಳಿ ಎಂದರು. ಒಬ್ಬ ನಾಯಕನ ಸುತ್ತ ಚಳವಳಿ ನಿಲ್ಲಬಾರದೆಂಬುದು ಆಕೆಯ ಚಿಂತನೆ. ಅದು ಗ್ರಂಥಗಳಲ್ಲಿ ಅಲ್ಲ, ಸಭೆಗಳಲ್ಲಿ ಬೆಳೆಯಿತು.

ಅಮೆರಿಕವೂ ಪ್ರತಿ ಜನವರಿಯಲ್ಲಿ ಕಿಂಗ್ ಅವರನ್ನು ನಯಗೊಳಿಸಿ ನೆನೆಯುತ್ತದೆ. ಆದರೆ ಇಲ್ಲಿನ ವಿದ್ವಾಂಸರು ಭಿನ್ನಮತದ ದಾಖಲೆಗಳನ್ನು ಜೋಪಾನ ಮಾಡಿದ್ದಾರೆ, ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುತ್ತಾರೆ. ಈ ಪರಂಪರೆ ನಮಗೆ ದೂರದ್ದೇನಲ್ಲ: ಅಂಬೇಡ್ಕರ್ 1946ರಲ್ಲಿ ಡುಬಾಯ್ಸ್‌ಗೆ ಪತ್ರ ಬರೆದಿದ್ದರು, ಉತ್ತರವೂ ಬಂತು. ನಾವಾದರೋ ದಲಿತ ಸಂಘರ್ಷ ಸಮಿತಿ ಬಣಗಳಾದುದನ್ನು ಒಡಕೆಂದು ಕರೆದು ಮರುಗುತ್ತೇವೆ. ಆ ಬಣಗಳ ಹಿಂದೆ ಯಾವ ವಿಚಾರಗಳು ಡಿಕ್ಕಿ ಹೊಡೆದವು, ಯಾರು ಏನು ವಾದಿಸಿದರು ಎಂಬುದನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನು ಧ್ವನಿಮುದ್ರಿಸಿ, ಕರಪತ್ರಗಳನ್ನು ಒಂದೆಡೆ ಸೇರಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು. ಹಣ ಕೂಡಿಸಲು ಹೊರನಾಡಿನ ನಾವೂ ಮುಂದೆ ಬರಬೇಕು.