ಕೊಳ ಹುಡುಕುವವರಿಗೆ ಕರ್ಪೂರ ಕಾಣಿಸುವುದಿಲ್ಲ

ಮೂರು ಬೆಡ್‌ರೂಮಿನ ಬಾಡಿಗೆ ಮನೆ ನಮ್ಮದು. ಹಿತ್ತಲು ಎನ್ನುವುದು ಎರಡು ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರೆ ಮುಗಿದುಹೋಗುವಷ್ಟು ಜಾಗ. ಆದರೂ ಕಂಡಕಂಡವರು ಕಳುಹಿಸುವ ಮಕ್ಕಳ ಸುರಕ್ಷತೆಯ ಪಟ್ಟಿಗಳಲ್ಲೆಲ್ಲ ತಪ್ಪದೆ ಒಂದು ಪ್ರಶ್ನೆ ಇರುತ್ತದೆ: ತೋಟದ ಕೊಳಕ್ಕೆ ಮುಚ್ಚಳ ಹಾಕಿಸಿದ್ದೀರಾ? ಯಾವ ಕೊಳ? ಯಾವ ತೋಟ? ಮಳೆ ಬಂದಾಗ ಡ್ರೈನಿನ ಹತ್ತಿರ ನಿಲ್ಲುವ ನೀರನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಕೊಳ ಎಂದು ಕರೆಯಬಹುದಾದದ್ದು ಏನೂ ಇಲ್ಲ. ಇಲ್ಲ ಎಂದರೂ ಬಿಡುವುದಿಲ್ಲ. "ಪಕ್ಕದ ಮನೆಯವರದ್ದೂ ನೋಡಿಕೊಳ್ಳಿ" ಎನ್ನುತ್ತಾರೆ.

ವಿಷಯ ಇಷ್ಟು. ನಾವಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ನಾನು ಚೈಲ್ಡ್‌ಮೈಂಡರ್ ಆಗಲು ಅರ್ಜಿ ಹಾಕಿದ್ದೇನೆ. ಅಂದರೆ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನಮ್ಮ ಮನೆಯಲ್ಲೇ, ದುಡ್ಡು ತೆಗೆದುಕೊಂಡು ನೋಡಿಕೊಳ್ಳುವ ಕೆಲಸ. ಎಂಟು ವರ್ಷದೊಳಗಿನ ಮಗುವನ್ನು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೀಗೆ ಇಟ್ಟುಕೊಳ್ಳಬೇಕಾದರೆ ಇಲ್ಲಿ ನೋಂದಣಿ ಕಡ್ಡಾಯ. ನೋಂದಣಿಗೆ ಮೊದಲು ಇನ್‌ಸ್ಪೆಕ್ಟರ್ ಮನೆಗೆ ಬಂದು ನೋಡುತ್ತಾರೆ, ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ನೋಡಲಿ, ಕೇಳಲಿ. ಹೆತ್ತ ಮಗುವನ್ನು ಪರಿಚಯವಿಲ್ಲದವಳ ಕೈಗೆ ಕೊಟ್ಟು ಆಫೀಸಿಗೆ ಹೋಗುವ ತಾಯಿ ನಾನಾಗಿದ್ದರೆ ಬೀರುವಿನ ಒಳಗೂ ಇಣುಕಿ ನೋಡಿ ಎಂದೇ ಹೇಳುತ್ತಿದ್ದೆ. ನನ್ನ ಜಗಳ ತಪಾಸಣೆಯ ಜೊತೆಗಲ್ಲ. ತಪಾಸಣೆಯ ಹೆಸರಿನಲ್ಲಿ ನನ್ನ ತಲೆ ತಿನ್ನುತ್ತಿರುವವರ ಜೊತೆಗೆ.

ಸರ್ಕಾರದ ನಿಯಮ ಪುಸ್ತಕ ಎಲ್ಲರಿಗೂ ಪುಕ್ಕಟೆಯಾಗಿ ಸಿಗುತ್ತದೆ. ಇವೈಎಫ್‌ಎಸ್ ಎನ್ನುತ್ತಾರೆ. 2024ರ ಜನವರಿಯಿಂದ ಚೈಲ್ಡ್‌ಮೈಂಡರ್‌ಗಳಿಗೆಂದೇ ಅದರ ಬೇರೆ ಆವೃತ್ತಿ ಬಂದಿದೆ. ನಾನು ಪೆನ್ಸಿಲ್ ಹಿಡಿದುಕೊಂಡು ಓದಿದ್ದೇನೆ. ಹೊಗೆ ಪತ್ತೆಹಚ್ಚುವ ಅಲಾರಂ ಕೆಲಸ ಮಾಡುತ್ತಿರಬೇಕು, ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿ ಸಲೀಸಾಗಿರಬೇಕು, ಎರಡು ವರ್ಷದೊಳಗಿನ ಮಗುವಿಗೆ ಮೂರೂವರೆ ಚದರ ಮೀಟರ್ ಜಾಗ ಬೇಕು, ಊಟ ಮಾಡುವಾಗ ಮಗು ಕಣ್ಣೆದುರಿಗಿರಬೇಕು. ಎಲ್ಲವೂ ನ್ಯಾಯವಾದ ಮಾತು. ಅದೇ ಪುಸ್ತಕದಲ್ಲಿ ಚೈಲ್ಡ್‌ಮೈಂಡರ್‌ಗಳು ನೀತಿ ನಿಯಮಗಳನ್ನು ಬರೆದಿಡಲೇಬೇಕೆಂದಿಲ್ಲ, ಕೇಳಿದರೆ ವಿವರಿಸಲು ಬಂದರೆ ಸಾಕು ಎಂದೂ ಇದೆ. ಅಪಾಯಗಳ ಲೆಕ್ಕವನ್ನೂ ಪ್ರತಿಯೊಂದಕ್ಕೂ ಕಾಗದದ ಮೇಲೆ ಇಳಿಸಬೇಕಾಗಿಲ್ಲ.

ಇದನ್ನು ಓದಿದವರು ಎಷ್ಟು ಜನ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಒಬ್ಬಾಕೆ ನೀತಿಪತ್ರಗಳ ಕಟ್ಟೊಂದನ್ನು ಮಾರುತ್ತಾಳೆ. ಮಾದರಿಗೆಂದು ಕಳುಹಿಸಿದ ಪುಟಗಳಲ್ಲಿ ಮೃಗಾಲಯದಲ್ಲಿ ಮಗು ಕಳೆದುಹೋದರೆ ಏನು ಮಾಡಬೇಕು ಎಂಬುದಕ್ಕೆ ಒಂದು, ಸಾಕಿದ ಮೊಲ ಸತ್ತರೆ ಮಕ್ಕಳನ್ನು ಹೇಗೆ ಸಮಾಧಾನ ಮಾಡಬೇಕು ಎಂಬುದಕ್ಕೆ ಇನ್ನೊಂದು. ಹೆಸರು ತುಂಬುವ ಜಾಗವನ್ನು ಖಾಲಿ ಬಿಟ್ಟು, ಮಿಕ್ಕಿದ್ದೆಲ್ಲ ಅಚ್ಚು. ಬರೆದಿಡುವುದು ಕಡ್ಡಾಯವಲ್ಲವಲ್ಲ ಎಂದು ನಾನು ಪುಟ ತೆರೆದು ತೋರಿಸಿದರೆ ಬಂದ ಉತ್ತರ: "ಪುಸ್ತಕದಲ್ಲಿ ಇರುವುದೇ ಬೇರೆ, ನಡೆಯುವುದೇ ಬೇರೆ." ಹಾಗಾದರೆ ಪುಸ್ತಕ ಅಚ್ಚು ಹಾಕಿಸಿದ್ದು ಯಾಕೆ, ಉಪ್ಪಿನಕಾಯಿ ಹಾಕಲಿಕ್ಕೇ?

ಇನ್ನು ಅಡುಗೆಮನೆಗೆ ಬನ್ನಿ. ನನಗೆ ನಿಜವಾಗಿ ಮೈ ಉರಿಯುವುದು ಅಲ್ಲಿಯೇ.

ಪಟ್ಟಿ ಹೇಳುತ್ತದೆ: ವೈನ್ ಬಾಟಲಿಗಳನ್ನು ಎತ್ತರದಲ್ಲಿಡಿ. ನಮ್ಮಲ್ಲಿ ವೈನ್ ಇಲ್ಲ. ಪಾತ್ರೆ ತೊಳೆಯುವ ಯಂತ್ರದ ಮಾತ್ರೆಗಳಿಗೆ ಬೀಗ ಹಾಕಿ. ನಮ್ಮಲ್ಲಿ ಆ ಯಂತ್ರವಿಲ್ಲ, ನಾನಿದ್ದೇನೆ. ನಾಯಿಯ ತಟ್ಟೆಯನ್ನು ನೆಲದಿಂದ ಎತ್ತಿಡಿ. ನಾಯಿಯೂ ಇಲ್ಲ. ಇರುವುದು ಏನು? ಸಿಂಕಿನ ಕೆಳಗೆ ಅತ್ತೆ ಊರಿನಿಂದ ಹೊತ್ತು ತಂದ ಈಳಿಗೆಮಣೆ ಇದೆ. ಮಡಚಿಟ್ಟರೂ ಅಲಗಿನ ತುದಿ ಇಣುಕುತ್ತಲೇ ಇರುತ್ತದೆ. ಕುಕ್ಕರ್ ಇದೆ, ಒಲೆಯ ಮುಂದಿನ ಉರಿಯ ಮೇಲಿಟ್ಟರೆ ಮೂರು ವರ್ಷದ ಮಗುವಿನ ಕೈಗೆ ಅದರ ಹಿಡಿ ಸಿಗುತ್ತದೆ. ದೇವರ ಗೂಡು ಇದೆ, ಅದೂ ಮಕ್ಕಳ ಎದೆಯ ಎತ್ತರಕ್ಕೆ. ಅದರಲ್ಲಿ ಎಣ್ಣೆ ದೀಪ, ಬೆಂಕಿಪೊಟ್ಟಣ, ಊದುಬತ್ತಿ. ಎಲ್ಲಕ್ಕಿಂತ ಹೆಚ್ಚಾಗಿ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಕರ್ಪೂರ. ಬೆಳ್ಳಗೆ, ಹೊಳಪಾಗಿ, ನೋಡಿದರೆ ಕಲ್ಲುಸಕ್ಕರೆಯೇ. ದೇವಸ್ಥಾನದಲ್ಲಿ ಕಲ್ಲುಸಕ್ಕರೆಯನ್ನು ಪ್ರಸಾದವೆಂದು ತಿಂದು ರೂಢಿಯಾದ ಮಗು ಅದನ್ನು ಬಾಯಿಗೆ ಹಾಕಿಕೊಳ್ಳದೆ ಇರುತ್ತದೆಯೇ? ಚಿಕ್ಕ ಮಗು ಒಂದೆರಡು ಬಿಲ್ಲೆ ನುಂಗಿದರೂ ಫಿಟ್ಸ್ ಬರಬಹುದು. ಅತ್ತೆಯವರ ಎಲೆಯಡಿಕೆ ತಟ್ಟೆಯಲ್ಲಿ ಅಡಿಕೆ ಹೋಳು, ಸುಣ್ಣದ ಡಬ್ಬಿ. ಸುಣ್ಣ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇವುಗಳಲ್ಲಿ ಒಂದೇ ಒಂದು ಯಾವ ಪಟ್ಟಿಯಲ್ಲೂ ಇಲ್ಲ. ಒಂದಾದರೂ ಇರಬೇಡವೇ? ಇಷ್ಟು ಜನ ನಮ್ಮವರು ಈ ದೇಶದಲ್ಲಿ ಮನೆ ಮಾಡಿದ್ದಾರೆ, ನಮ್ಮ ಮನೆಗಳಲ್ಲೇ ಮಕ್ಕಳನ್ನು ಬಿಟ್ಟು ಹೋಗುತ್ತಾರೆ. ಪಟ್ಟಿಯ ಮೇಲಿರುವ ಮನೆಯಲ್ಲಿ ಮಾತ್ರ ಒಂದು ಕೊಳ, ಒಂದು ನಾಯಿ, ಒಂದು ವೈನ್ ಬಾಟಲಿ. ಅದನ್ನು ಯಥಾವತ್ತಾಗಿ ಮುಂದಕ್ಕೆ ತಳ್ಳುವವರಲ್ಲಿ ನಮ್ಮ ಹೆಂಗಸರೂ ಇದ್ದಾರೆ. ಅವರ ಮನೆಯಲ್ಲೂ ಕರ್ಪೂರದ ಡಬ್ಬಿ ಗೂಡಿನಲ್ಲೇ ಇದೆ, ನಾನೇ ನೋಡಿದ್ದೇನೆ.

ಊಟದ ವಿಷಯವೂ ಅಷ್ಟೇ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ನಾಲ್ಕು ಹೋಳು ಮಾಡಬೇಕು ಎಂದು ದಪ್ಪಕ್ಷರದಲ್ಲಿ ಬರೆಯುತ್ತಾರೆ. ಸರಿಯೇ, ದುಂಡಗಿನ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹಾಗೆಯೇ ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಡಲೆಬೀಜ ಕೊಡಬಾರದು. ಚಿತ್ರಾನ್ನದಲ್ಲಿ ಕಡಲೆಬೀಜ, ಪುಳಿಯೋಗರೆಯಲ್ಲಿ ಕಡಲೆಬೀಜ, ಅವಲಕ್ಕಿಯಲ್ಲಿ ಕಡಲೆಬೀಜ. ಅಲರ್ಜಿ ತರುವುದೆಂದು ಇಲ್ಲಿನ ಕಾನೂನು ಗುರುತಿಸಿರುವ 14 ಪದಾರ್ಥಗಳಲ್ಲಿ ಕಡಲೆಬೀಜವಿದೆ, ಎಳ್ಳಿದೆ, ಸಾಸಿವೆಯೂ ಇದೆ. ಸಾಸಿವೆ! ನಮ್ಮ ಯಾವ ಒಗ್ಗರಣೆ ಸಾಸಿವೆ ಇಲ್ಲದೆ ಸಿಡಿಯುತ್ತದೆ ಹೇಳಿ. ಇನ್ನೊಬ್ಬ ಹಳೆಯ ಚೈಲ್ಡ್‌ಮೈಂಡರ್ ಹತ್ತಿರ ಇದನ್ನು ಕೇಳಿದೆ. "ಪಾಸ್ತಾ ಮಾಡಿಬಿಡಿ" ಎಂದರು. ಮೊಸರನ್ನ, ಇಡ್ಲಿ, ಬೇಳೆಕಟ್ಟು ತಿಂದು ಬೆಳೆದ ಮಕ್ಕಳನ್ನು ಅವರ ಅಮ್ಮಂದಿರು ನನ್ನ ಹತ್ತಿರ ಬಿಡುತ್ತೇವೆ ಎನ್ನುತ್ತಿರುವುದೇ ಪಾಸ್ತಾ ಬೇಡವೆಂದು.

ಒಗ್ಗರಣೆ ಎಂದಾಗ ನೆನಪಾಯಿತು. ಹಜಾರದ ಹೊಗೆ ಅಲಾರಂಗೂ ಒಣಮೆಣಸಿನಕಾಯಿಗೂ ಹುಟ್ಟಾ ವೈರ. ಎಣ್ಣೆಗೆ ಮೆಣಸಿನಕಾಯಿ ಬಿದ್ದರೆ ಸಾಕು, ಮನೆ ಹೊತ್ತಿಕೊಂಡಂತೆ ಕಿರುಚುತ್ತದೆ. ನಮ್ಮವರು ಕುರ್ಚಿ ಹತ್ತಿ ಬ್ಯಾಟರಿ ಕಿತ್ತು ಟಿವಿಯ ರಿಮೋಟಿಗೆ ಹಾಕಿಕೊಂಡಿದ್ದರು. ಈಗ ಅದು ಮತ್ತೆ ಸ್ವಸ್ಥಾನಕ್ಕೆ ಬಂದಿದೆ, ಒಗ್ಗರಣೆ ಹಾಕುವಾಗ ಒಬ್ಬರು ಟವೆಲ್ ಹಿಡಿದು ಅದರ ಕೆಳಗೆ ಗಾಳಿ ಬೀಸುತ್ತಾ ನಿಲ್ಲುತ್ತಾರೆ. ಮಕ್ಕಳು ಬಂದ ಮೇಲೆ ಯಾರು ಬೀಸುತ್ತಾರೋ ಗೊತ್ತಿಲ್ಲ.

ಮನೆ ಮಾಲೀಕರ ಕಥೆ ಬೇರೆ. ಮೆಟ್ಟಿಲಿಗೆ ಗೇಟು ಬೇಕು, ಮೇಲೊಂದು ಕೆಳಗೊಂದು. ಗೋಡೆಗೆ ಒತ್ತಿ ನಿಲ್ಲಿಸುವ ಗೇಟಿಗೆ ಅಡಿಯಲ್ಲಿ ಕಂಬಿಯೊಂದು ಅಡ್ಡ ಇರುತ್ತದೆ. ಮಗುವನ್ನು ಎತ್ತಿಕೊಂಡು ಮೇಲಿನಿಂದ ಇಳಿಯುವಾಗ ಅದಕ್ಕೆ ಕಾಲು ತಾಗಿದರೆ ಇಬ್ಬರೂ ನೇರ ಕೆಳಗೆ. ಆದ್ದರಿಂದ ಮೆಟ್ಟಿಲಿನ ತುದಿಗೆ ಸ್ಕ್ರೂ ಹೊಡೆದು ಕೂರಿಸುವ ಗೇಟೇ ಆಗಬೇಕು ಎಂದು ತಯಾರಿಸಿದವರೇ ಪೆಟ್ಟಿಗೆಯ ಮೇಲೆ ಬರೆದಿದ್ದಾರೆ. ಮಾಲೀಕರು ಗೋಡೆಗೆ ತೂತು ಕೊರೆಯಬಾರದು ಎನ್ನುತ್ತಾರೆ. ಚೈಲ್ಡ್‌ಮೈಂಡರ್ ಕೆಲಸಕ್ಕೆ ಒಪ್ಪಿಗೆ ಪತ್ರ ಕೊಡುವುದಕ್ಕೇ ಅವರು ನನ್ನನ್ನು ಸತಾಯಿಸಿದ್ದು ಸಾಲದು ಎಂಬಂತೆ, ಈಗ ನಾಲ್ಕು ಸ್ಕ್ರೂಗಳಿಗೆ ಪತ್ರ ವ್ಯವಹಾರ. ಗೋಡೆಯ ಸುಣ್ಣಬಣ್ಣಕ್ಕೆ ಇರುವ ಕಾಳಜಿ ಬಾಯ್ಲರ್ ಇರುವ ಕೋಣೆಗೆ ಇಲ್ಲ. ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸುವುದು 2022ರ ಅಕ್ಟೋಬರ್ 1ರಿಂದ ಮಾಲೀಕರದ್ದೇ ಜವಾಬ್ದಾರಿ. ಅದನ್ನು ನೆನಪಿಸಿದೆ. ಅಲಾರಂ ಬಂತು, ಜೊತೆಗೆ "ನೀವು ತುಂಬಾ ಕಾನೂನು ಮಾತನಾಡುತ್ತೀರಿ" ಎಂಬ ಮಾತೂ ಬಂತು.

ಅತ್ತೆಯವರ ವಿಷಯದಲ್ಲಂತೂ ಮನೆಯೇ ರಣರಂಗವಾಯಿತು. ಮನೆಯಲ್ಲಿ ವಾಸವಿರುವ 16 ವರ್ಷ ದಾಟಿದ ಪ್ರತಿಯೊಬ್ಬರ ಹಿನ್ನೆಲೆಯನ್ನೂ ಪರಿಶೀಲಿಸುತ್ತಾರೆ, ಡಿಬಿಎಸ್ ಎಂದು. ನನ್ನದಾಯಿತು, ನಮ್ಮವರದಾಯಿತು. ಅತ್ತೆ ಆರು ತಿಂಗಳ ಸಂದರ್ಶಕ ವೀಸಾದಲ್ಲಿ ಬಂದಿದ್ದಾರೆ. ಅವರು ವಾಸವಿರುವವರೋ, ನೆಂಟರೋ? ಒಬ್ಬರು ಬೇಕು ಎಂದರು, ಇನ್ನೊಬ್ಬರು ಬೇಡ ಎಂದರು, ಮೂರನೆಯವರು ತೀರ್ಥಹಳ್ಳಿ ಪೊಲೀಸ್ ಠಾಣೆಯಿಂದ ನಡತೆ ಪ್ರಮಾಣಪತ್ರ ತರಿಸಿ ಎಂದರು. ಸಹಾಯವಾಣಿಗೆ ಫೋನ್ ಮಾಡಿದರೆ ಪಿಟೀಲು ಕೇಳಿಸಿ ಕೇಳಿಸಿ ಕೊನೆಗೆ "ಅದು ನಿಮ್ಮ ಮನೆಯ ಪರಿಸ್ಥಿತಿಯ ಮೇಲೆ ಅವಲಂಬಿಸಿದೆ" ಎಂದರು. ಪರಿಸ್ಥಿತಿ ಹೇಳಲೆಂದೇ ಅಲ್ಲವೇ ನಾನು ಫೋನ್ ಮಾಡಿದ್ದು? ಇದೆಲ್ಲ ಅತ್ತೆಯವರ ಕಿವಿಗೆ ಬಿದ್ದು, "ನಾಲ್ಕು ಮಕ್ಕಳನ್ನು ಹೆತ್ತು, ಏಳು ಮೊಮ್ಮಕ್ಕಳ ಬಾಣಂತನ ಮಾಡಿದವಳು ನಾನು, ನನಗೆ ಪೊಲೀಸರ ಕಾಗದ ಬೇಕೇನೇ?" ಎಂದು ಎರಡು ಹೊತ್ತು ಊಟ ಬಿಟ್ಟರು. ಅವರನ್ನು ಸಮಾಧಾನ ಮಾಡಲು ಯಾವ ನೀತಿಪತ್ರವೂ ಇರಲಿಲ್ಲ. ಮೊಲಕ್ಕಿದೆ, ಅತ್ತೆಗಿಲ್ಲ.

ದುಡ್ಡಿನ ಮಾತು ಆಡಿದರೆ ಇನ್ನೂ ಸಿಟ್ಟು ಬರುತ್ತದೆ. ನೋಂದಣಿ ಶುಲ್ಕ 35 ಪೌಂಡ್, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾನು ಆರೋಗ್ಯವಾಗಿದ್ದೇನೆ ಎಂದು ನಮ್ಮ ಜಿಪಿ, ಅಂದರೆ ಇಲ್ಲಿನ ಮನೆ ಡಾಕ್ಟರು, ಸಹಿ ಹಾಕುವುದಕ್ಕೆ ಬೇರೆ ಶುಲ್ಕ, ಕಾಯುವುದಕ್ಕೆ ಬೇರೆ ವಾರಗಳು. ವಿಮೆ ಬೇರೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಸರ್ಕಾರ 600 ಪೌಂಡ್ ಕೊಡುತ್ತಿತ್ತು, ಚೈಲ್ಡ್‌ಮೈಂಡರ್‌ಗಳನ್ನು ನೋಂದಾಯಿಸಿಕೊಳ್ಳುವ ಏಜೆನ್ಸಿಯ ಮೂಲಕ ಬಂದರೆ 1,200. ಅದು 2025ರ ಮಾರ್ಚ್‌ಗೆ ಮುಗಿಯಿತು, ನಾನು ಅರ್ಜಿ ಹಾಕಿದ್ದು ಆಮೇಲೆ. ಅದೇ ವರ್ಷದ ಸೆಪ್ಟೆಂಬರ್‌ನಿಂದ, ಇಬ್ಬರೂ ದುಡಿಯುವ ಅಪ್ಪ ಅಮ್ಮಂದಿರ ಒಂಬತ್ತು ತಿಂಗಳ ಕೂಸಿಗೂ ವಾರಕ್ಕೆ 30 ಗಂಟೆಯ ಸರ್ಕಾರಿ ನೆರವು ಸಿಗುತ್ತಿದೆ. ಮಕ್ಕಳನ್ನು ಬಿಡಲು ಜನ ಸಾಲುಗಟ್ಟಿದ್ದಾರೆ, ನೋಡಿಕೊಳ್ಳುವ ಚೈಲ್ಡ್‌ಮೈಂಡರ್‌ಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಯಾಕೆ ಕಡಿಮೆಯಾಗುತ್ತಿದ್ದಾರೆ ಎಂದು ಆಶ್ಚರ್ಯಪಡುವವರು ನಮ್ಮ ಮನೆಗೆ ಬಂದು ಒಂದು ದಿನ ಇರಲಿ. ಐದು ವರ್ಷದೊಳಗಿನವರು ಮೂವರಿಗಿಂತ ಹೆಚ್ಚು ಇರಬಾರದು ಎಂಬ ಲೆಕ್ಕದಲ್ಲಿ ನನ್ನ ಮಗಳೂ ಸೇರುತ್ತಾಳೆ, ಆದ್ದರಿಂದ ನನಗೆ ಸಿಗುವುದು ಇಬ್ಬರೇ.

ಹೊಗಳಬೇಕಾದದ್ದನ್ನು ಹೊಗಳಿಬಿಡುತ್ತೇನೆ. 12 ಗಂಟೆಗಳ ಮಕ್ಕಳ ಪ್ರಥಮ ಚಿಕಿತ್ಸೆ ತರಬೇತಿ ಬಂಗಾರದಂಥದ್ದು. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡ ಕೂಸಿಗೆ ಮಾಡಬೇಕಾದಂತೆ, ಗೊಂಬೆಯನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ತಟ್ಟುವುದನ್ನು ಕಲಿತೆ. ಮಗು ಹೆತ್ತ ದಿನವೇ ಯಾರಾದರೂ ಕಲಿಸಬೇಕಾಗಿತ್ತು.

ಬೆಂಗಳೂರಿನಿಂದ ಫೋನ್ ಮಾಡುವ ನೆಂಟರಿಗೆ ಇದ್ಯಾವುದೂ ಬೇಡ. "ಎಂ.ಎಸ್ಸಿ. ಮಾಡಿ ಆಯಾ ಕೆಲಸವೇ?" ಎನ್ನುತ್ತಾರೆ ಚಿಕ್ಕಮ್ಮ. ಆಯಾ ಕೆಲಸಕ್ಕೆ ಏನು ಕೊರತೆ ಚಿಕ್ಕಮ್ಮ? ನಿಮ್ಮ ಮೊಮ್ಮಗನನ್ನು ಹಗಲೆಲ್ಲ ಎತ್ತಿಕೊಂಡಿರುವವಳಿಗೆ ಕುಡಿಯಲು ಬೇರೆ ಲೋಟ ಇಟ್ಟಿದ್ದೀರಲ್ಲ, ಅವಳ ಕೈಯಲ್ಲೇ ಅಲ್ಲವೇ ಆ ಮಗುವಿನ ಜೀವ ಇರುವುದು?

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಬರುತ್ತಾರೆ. ದೇವರು ಮೇಲಿನ ಕಪಾಟಿಗೆ ಹೋಗಿದ್ದಾನೆ. ದೀಪ ಹಚ್ಚುವುದು ಮಕ್ಕಳು ಬರುವ ಮುಂಚೆ, ಇಲ್ಲವೇ ಹೋದ ಮೇಲೆ. ಈಳಿಗೆಮಣೆ ಶೆಡ್ಡಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿದೆ. ಎಲೆಯಡಿಕೆ ತಟ್ಟೆ ಅತ್ತೆಯವರ ಕೋಣೆಯ ಅಲಮಾರಿನ ಮೇಲೆ, ಅದಕ್ಕೂ ಒಂದು ಪಂಚಾಯಿತಿ ನಡೆದ ನಂತರ. ಮೇಲಿನ ಗೇಟಿಗೆ ಸ್ಕ್ರೂ ಹೊಡೆಯಲು ಇನ್ನೂ ಒಪ್ಪಿಗೆ ಬಂದಿಲ್ಲ. ಮಾಲೀಕರು ಬರೆದ ಪತ್ರವನ್ನೇ ಇನ್‌ಸ್ಪೆಕ್ಟರ್ ಮುಂದೆ ಇಡುವವಳಿದ್ದೇನೆ, ಉತ್ತರ ಅವರೇ ಕೊಡಲಿ. ಕರ್ಪೂರ, ಸುಣ್ಣ, ಅಡಿಕೆ, ಕುಕ್ಕರ್, ಸಾಸಿವೆ ಎಂದು ನಮ್ಮ ಮನೆಯ ಅಪಾಯಗಳನ್ನು ನಾನೇ ಕೈಯಾರೆ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಬರೆಯಲೇಬೇಕೆಂದು ಯಾರೂ ಹೇಳಿರಲಿಲ್ಲ. ಕೇಳಿದರೆ ತೋರಿಸುತ್ತೇನೆ, ಕೇಳದಿದ್ದರೂ ತೋರಿಸುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಯಾರೂ ನನಗೆ ಇನ್ನೊಂದು ಪಟ್ಟಿ ಕಳುಹಿಸಬೇಡಿ.