ಸೋರುತ್ತೆ ಅಂತ ಹೊಗೆ ಪೈಪು ಕೀಳಿಸಬೇಡಿ

ಮೊನ್ನೆ ಕುಣಿಗಲ್ ಕಡೆ ಚಿಕ್ಕವ್ವನ ಮನೆಗೆ ಹೋಗಿದ್ದೆ. ನಡುಮನೆಗೆ ಕಾಲಿಡುತ್ತಲೇ ಕಣ್ಣುರಿ. ಒಳಗೆ ಚಿಕ್ಕವ್ವ ಮುದ್ದೆಗೆ ಎಸರಿಟ್ಟು, ಸೆರಗಲ್ಲಿ ಮೂಗು ಮುಚ್ಚಿಕೊಂಡು ಒಲೆ ಮುಂದೆ ಕೂತಿದ್ದಳು. ಸೂರು ನೋಡಿದರೆ ಹೊಗೆ ಪೈಪೇ ಇಲ್ಲ.

"ಪೈಪು ಎಲ್ಲೋಯ್ತು ಚಿಕ್ಕವ್ವ?"

"ಮಳೆ ಬಂದ್ರೆ ಅದರ ಬುಡದಲ್ಲೇ ಸೋರದು ಕಣಪ್ಪ. ಕಿತ್ತಾಕ್ಸಿ ಹೆಂಚು ಮುಚ್ಚಿಸ್ಬುಟ್ಟೆ."

ಮಾತಾಡುವಾಗ ನಾಲ್ಕು ಸಲ ಕೆಮ್ಮಿದಳು. ಹನಿ ನೀರು ತಡೆಯೋಕೆ ಹೋಗಿ ವರ್ಷಪೂರ್ತಿ ಹೊಗೆ ಕುಡಿಯೋ ಹಾಗಾಯ್ತಲ್ಲ ಅಂತ ನನಗೆ ಆವತ್ತಿಂದ ಸಮಾಧಾನವಿಲ್ಲ. ಅದಕ್ಕೇ ಬರೀತಿದ್ದೀನಿ.

ಹೊಗೆ ಕಾಟ ತಪ್ಪಿಸೋ ಒಲೆಗೂ ನಮ್ಮ ಸೀಮೆಗೂ ಹಳೇ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ 'ಅಸ್ತ್ರ' ಅನ್ನೋ ಒಂದು ವಿಭಾಗ ಶುರುಮಾಡಿದರು. ಅದರ ಹಳ್ಳಿ ಕೇಂದ್ರ ಇದ್ದದ್ದು ಇದೇ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಮೂರು ಪಾತ್ರೆ ಇಡೋ ಅಸ್ತ್ರ ಒಲೆ ಆ ವಿಭಾಗದ್ದೇ. ಆ ಒಲೆಯ ಜೀವ ಇರೋದೇ ಪೈಪಿನಲ್ಲಿ. ಈಗ ಮನೆಮನೆಗೂ ಗ್ಯಾಸ್ ಬಂದಿದೆ ಅಂತೀವಿ. ಆದರೂ ಮುದ್ದೆಗೆ, ನೀರೊಲೆಗೆ, ಹಬ್ಬಕ್ಕೆ ತೆಂಗಿನ ಮಟ್ಟೆ, ಗರಿ, ಕರಟ ಉರಿಯೋದು ನಿಂತಿಲ್ಲ.

ನಮ್ಮ ಮನೆ ಅಡುಗೆಕೋಣೆಗೂ ಮಂಗಳೂರು ಹೆಂಚು, ನಾಲ್ಕಿಂಚಿನ ಸಿಮೆಂಟು ಪೈಪು. 2021ರ ನವೆಂಬರ್‌ನಲ್ಲಿ ಬಿಡದೆ ಜಡಿಮಳೆ ಹಿಡಿದಿತ್ತಲ್ಲ, ಆಗ ಸೋರೋಕೆ ಶುರುವಾಯ್ತು. ಗಾರೆಯವರನ್ನು ಕರೆಸಿದೆವು. ಪೈಪಿನ ಸುತ್ತ ಒಂದು ಬಾಂಡ್ಲಿ ಸಿಮೆಂಟು ಮೆತ್ತಿ ಹೋದರು. ಮುಂದಿನ ವರ್ಷ ಮತ್ತೆ ಸೋರಿತು, ಅದರ ಮೇಲೇ ಇನ್ನೊಂದು ಬಾಂಡ್ಲಿ. ಮೂರನೇ ಸಲಕ್ಕೆ ಪೈಪಿನ ಬುಡ ಹುತ್ತದ ಹಾಗೆ ಬೆಳೆದಿತ್ತು. ಸೋರೋದು ಮಾತ್ರ ಹೆಚ್ಚೇ ಆಗಿತ್ತು. ಅದೂ ಪೈಪಿನ ಹತ್ತಿರವಲ್ಲ, ಮೂರಡಿ ಆಚೆ, ಅವ್ವನ ಉಪ್ಪಿನ ಜಾಡಿ ಪಕ್ಕದಲ್ಲಿ.

ಒಂದು ಭಾನುವಾರ ಒಳ್ಳೇ ಬಿಸಿಲಲ್ಲಿ ನಾನೂ ಭಾಮೈದನೂ ಪತ್ತೆಗೆ ಕೂತೆವು. ಅವನು ಹೆಂಚಿನ ಮೇಲೆ ಹಲಗೆ ಹಾಸಿಕೊಂಡು ನೀರಿನ ಪೈಪು ಹಿಡಿದ, ನಾನು ಒಳಗೆ ಅಟ್ಟ ಹತ್ತಿ ಟಾರ್ಚು ಹಿಡಿದೆ. ಮೊದಲು ಹೊಗೆ ಪೈಪಿಗಿಂತ ಕೆಳಗಿನ ಹೆಂಚಿಗೆ ಕಾಲು ಗಂಟೆ ನೀರು ಬಿಡಿಸಿದೆ. ಒಳಗೆ ಒಣಗೇ ಇತ್ತು. ಆಮೇಲೆ ಎರಡು ಪಕ್ಕಕ್ಕೆ. ಅಲ್ಲೂ ಇಲ್ಲ. ಕೆಳಗಿಂದ ಮೇಲಕ್ಕೆ ಹೀಗೆ ಒಂದೊಂದೇ ಜಾಗ ನೋಡಬೇಕು. ಮೊದಲೇ ನೆತ್ತಿಯಿಂದ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಯಾವ ತೂತಿನದು ಅಂತ ಗೊತ್ತೇ ಆಗಲ್ಲ. ಕೊನೆಗೆ ಪೈಪಿನ ಮೇಲ್ಗಡೆ ಬಿಟ್ಟಾಗ ಐದಾರು ನಿಮಿಷದಲ್ಲಿ ಕಂಡಿತು. ಹೆಂಚಿನ ಏಣು ದಾಟಿ ಒಂದು ನೀರಿನ ಎಳೆ ಒಳಗೆ ಇಳೀತು. ಅಲ್ಲೇ ಬೀಳಲಿಲ್ಲ. ಹೆಂಚು ಕೂರೋ ಮರದ ಪಟ್ಟಿ, ಅಂದ್ರೆ ರೀಪರಿನ ತಳಭಾಗ ಹಿಡ್ಕೊಂಡು ಮೆಲ್ಲಗೆ ಹರಿದು, ಒಂದು ಮೊಳೆ ತುದಿಗೆ ಬಂದು ನಿಂತು, ದಪ್ಪಗಾಗಿ, ಟಪ್ ಅಂತ ಜಾಡಿ ಪಕ್ಕಕ್ಕೆ ಬಿತ್ತು.

ಮೇಲೆ ಹತ್ತಿ ನೋಡಿದರೆ ಕಾರಣ ಕಣ್ಣಿಗೇ ಕಾಣ್ತಿತ್ತು. ಮಂಗಳೂರು ಹೆಂಚಿನಲ್ಲಿ ನೀರು ಹರಿಯೋಕೆ ಕಾಲುವೆ ಇರುತ್ತೆ. ನಾವು ಮೆತ್ತಿಸಿದ ಸಿಮೆಂಟೇ ಆ ಕಾಲುವೆಗೆ ಅಡ್ಡ ಒಡ್ಡಾಗಿತ್ತು. ಮೇಲಿಂದ ಬಂದ ನೀರು ಅಲ್ಲಿ ನಿಂತು, ಏರಿ, ಪಕ್ಕದ ಏಣು ಹಾರುತ್ತಿತ್ತು. ಜೊತೆಗೆ ಪೈಪಿಗೂ ಸಿಮೆಂಟಿಗೂ ನಡುವೆ ಕೂದಲೆಳೆ ಬಿರುಕು. ಬಿರುಕು ಬಿಡೋದು ಯಾಕೆ? ಪೈಪು ದಿನಾ ಎರಡು ಹೊತ್ತು ಕಾಯುತ್ತೆ, ಆರುತ್ತೆ. ಹಿಗ್ಗಿ ಕುಗ್ಗೋ ವಸ್ತುವಿಗೆ ಕಲ್ಲಿನ ಹಾಗೆ ಗಟ್ಟಿಯಾಗೋದನ್ನ ಅಂಟಿಸಿದರೆ ಬಿಟ್ಟೇ ಬಿಡುತ್ತೆ.

ಸಿಮೆಂಟೆಲ್ಲ ಬಿಡಿಸಿ ಹಾಕಿ ತಗಡಿನ ಕೆಲಸದವರ ಹತ್ತಿರ ಜಿ.ಐ. ಶೀಟು ಮಾಡಿಸಿದೆ. ನಡುವೆ ಪೈಪಿಗಿಂತ ಕೊಂಚ ದೊಡ್ಡ ತೂತು, ಆ ತೂತಿಗೆ ಆರಿಂಚು ಎತ್ತರದ ಕಂಠ. ಶೀಟಿನ ಮೇಲಂಚು ಮೇಲಿನ ಹೆಂಚಿನ ಅಡಿಗೆ ಒಂದು ಗೇಣು ಹೋಗಬೇಕು, ಕೆಳಗಿನಂಚು ಕೆಳಗಿನ ಹೆಂಚಿನ ಮೇಲೆ ಕೂರಬೇಕು. ಇದೊಂದು ತಲೆಕೆಳಗಾದರೆ ಎಷ್ಟು ದುಡ್ಡು ಸುರಿದರೂ ಸೋರುತ್ತೆ. ಮೇಲಂಚು ಮತ್ತು ಎರಡು ಪಕ್ಕದಂಚನ್ನು ಅರ್ಧ ಇಂಚು ಮೇಲಕ್ಕೆ ಮಡಚಿಸಿದೆ, ಗಾಳಿಮಳೆಯಲ್ಲಿ ನೀರು ಹಿಂದಕ್ಕೆ ನುಗ್ಗದ ಹಾಗೆ. ಆಮೇಲೆ ಪೈಪಿಗೆ ತಗಡಿನದೇ ಒಂದು ಲಂಗ ಕಟ್ಟಿ, ಕಂಠದ ಮೇಲೆ ಇಳಿಬಿಟ್ಟು, ಕ್ಲಾಂಪ್ ಬಿಗಿಸಿದೆವು. ಲಂಗಕ್ಕೂ ಕಂಠಕ್ಕೂ ಬೆಸುಗೆ ಹಾಕಿಸಲಿಲ್ಲ. ಪೈಪು ತನ್ನ ಪಾಡಿಗೆ ಹಿಗ್ಗಲಿ. ಶಾಖ ತಡೆಯೋ ಸೀಲೆಂಟು ಬಳಿದದ್ದು ಕ್ಲಾಂಪಿನ ಮೇಲಂಚಿಗೆ ಮಾತ್ರ.

ಸೋರೋ ನೀರಿನ ಬಣ್ಣವನ್ನೂ ನೋಡಿ. ಮಳೆಯೇ ಇಲ್ಲದ ದಿನ ಪೈಪಿನ ಕೀಲಿನಿಂದ ಕಾಫಿ ಡಿಕಾಕ್ಷನ್ ಬಣ್ಣದ ಅಂಟು ನೀರು ಇಳಿದರೆ ಅದು ಸೂರಿನ ತಪ್ಪಲ್ಲ. ಹಸಿ ಮಟ್ಟೆ ಉರಿಸಿದಾಗ ಹೊಗೆಯಲ್ಲಿರೋ ನೀರಾವಿ ತಣ್ಣನೆ ಪೈಪಿನೊಳಗೆ ಬೆವರಿ, ಮಸಿ ಕಲಸಿಕೊಂಡು ಇಳಿಯೋದು ಅದು. ಮಟ್ಟೆ ಒಣಗಿಸಿ, ಪೈಪಿನ ಮಸಿ ತೆಗೆಸಿ. ಮಳೆಯಾದ ಬೆಳಿಗ್ಗೆ ಒಲೆಯೊಳಗಿನ ಬೂದಿ ಕೆಸರಾಗಿದ್ದರೆ ಪೈಪಿನ ತಲೆಗೆ ಟೋಪಿ ಇಲ್ಲ ಅಂತ ಅರ್ಥ. ಟೋಪಿ ಹಾಕಿಸುವಾಗ ಹೊಗೆ ಹೋಗೋಕೆ ಸುತ್ತ ಸಂದು ಇರಲಿ, ಪೈಪಿನ ತುದಿ ಸೂರಿನ ನೆತ್ತಿಗಿಂತ ಎರಡಡಿಯಾದರೂ ಮೇಲಿರಲಿ. ಇಲ್ಲದಿದ್ದರೆ ಗಾಳಿ ಹೊಗೆಯನ್ನು ಒಳಕ್ಕೇ ನೂಕುತ್ತೆ. ಆರ್‌ಸಿಸಿ ಮನೆಯವರು ಪೈಪಿನ ಸುತ್ತ ಅರ್ಧ ಅಡಿ ಕಟ್ಟೆ ಕಟ್ಟಿಸಿ, ಅದರ ಮೇಲೆ ಇದೇ ಲಂಗ ಇಳಿಬಿಡಿ.

ಒಂದು ಮಾತು ಮರೀಬೇಡಿ. ಹಳೇ ಸಿಮೆಂಟು ಪೈಪಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತೆ. ಅದನ್ನು ಗರಗಸದಲ್ಲಿ ಕೊಯ್ಯೋದು, ಸುತ್ತಿಗೆಯಲ್ಲಿ ಕುಟ್ಟೋದು ಬೇಡವೇ ಬೇಡ. ಆ ದೂಳು ಶ್ವಾಸಕೋಶ ಸೇರಿದರೆ ಕ್ಯಾನ್ಸರ್‌ಗೂ ದಾರಿ. ಪೈಪು ಬಿರಿದಿದ್ದರೆ ನೀರು ಚಿಮುಕಿಸಿ, ಒಡೆಯದ ಹಾಗೆ ಇಡಿಯಾಗಿ ಇಳಿಸಿ, ತಗಡಿನ ಪೈಪು ಹಾಕಿಸಿ.

ಚಿಕ್ಕವ್ವನ ಮನೆಗೆ ಹೊಸ ಪೈಪು, ಶೀಟು, ಲಂಗ ಎಲ್ಲ ಮಾಡಿಸಿಟ್ಟಿದ್ದೀನಿ. ಈ ಭಾನುವಾರ ನಾನೂ ಭಾಮೈದನೂ ಹೋಗ್ತೀವಿ. ಫೋನಿನಲ್ಲಿ ಹೇಳಿದಾಗ, "ಹಸ್ತ ಮಳೆಗೆ ಮುಂಚೆ ಬಂದ್ಬುಡಪ್ಪ" ಅಂದಳು, ಮತ್ತೆ ಕೆಮ್ಮಿದಳು.